ಹೊಸ ದೋಣಿಗೆ ತೂತು ಬೇಡವೆಂದರೆ

ಪ್ರಶ್ನೆ: ನಮ್ಮದು ಗಂಗೊಳ್ಳಿ ಕಡೆ. ಅಪ್ಪಯ್ಯ, ನಾನು ಮತ್ತು ಚಿಕ್ಕಪ್ಪನ ಮಗ ಸೇರಿ ಸಾಲ ಮಾಡಿ ಹೋದ ವರ್ಷ 30 ಅಡಿಯ ಫೈಬರ್ ನಾಡದೋಣಿ ಮಾಡಿಸಿದೆವು. ಔಟ್‌ಬೋರ್ಡ್ ಇಂಜಿನ್ ಇದೆ. ಗಲ್ಫಿನಲ್ಲಿರುವ ಭಾವ ರಜೆಗೆ ಬಂದಾಗ ಒಂದು ಫಿಶ್ ಫೈಂಡರ್ ತಂದುಕೊಟ್ಟರು. ಅದನ್ನು ಕೂರಿಸಲು ಬಂದ ಹುಡುಗ ದೋಣಿಯ ಹಿಂದಿನ ಹಲಗೆಗೆ ನಾಲ್ಕು ತೂತು ಕೊರೆಯಬೇಕು ಅಂದ. ಡ್ರಿಲ್ ಕೈಗೆತ್ತಿಕೊಂಡದ್ದೇ ಅಪ್ಪಯ್ಯ ಅಡ್ಡ ನಿಂತರು. ‘ನಾನಿರುವ ತನಕ ಈ ದೋಣಿಗೆ ತೂತು ಬೀಳಬಾರದು’ ಅಂದರು. ಅವರ ಹಳೆಯ ದೋಣಿ ಹಿಂದಿನ ಹಲಗೆ ಕೊಳೆತೇ ಹಾಳಾಗಿತ್ತಂತೆ. ನನಗೂ ಸಿಟ್ಟು ಬಂತು. ದಕ್ಕೆಯಲ್ಲಿ ಎಲ್ಲರೆದುರೇ ‘ನಿಮಗೆ ಇದೆಲ್ಲ ತಿಳಿಯುವುದಿಲ್ಲ’ ಎಂದುಬಿಟ್ಟೆ. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆ. ಯಂತ್ರ ಡಬ್ಬಿಯಲ್ಲೇ ಇದೆ.

ಬಂದರಿನಲ್ಲಿ ಕೇಳಿದರೆ ಒಬ್ಬರು ಎಂ-ಸೀಲ್ ಹಚ್ಚು ಅನ್ನುತ್ತಾರೆ, ಇನ್ನೊಬ್ಬರು ಸಿಲಿಕೋನ್ ಸಾಕು ಅನ್ನುತ್ತಾರೆ, ಮತ್ತೊಬ್ಬರು ಅಂಟಿಸಿದ್ದು ಕಡಲಲ್ಲಿ ಒಂದು ದಿನವೂ ನಿಲ್ಲದು ಅನ್ನುತ್ತಾರೆ. ನಾನು ಕೂರಿಸಬೇಕಾದದ್ದು ಇಷ್ಟು: ನೀರಿನೊಳಗಿನ ಸೆನ್ಸರ್, ಅದರ ಪರದೆ, ಜಿಪಿಎಸ್ ಆಂಟೆನಾ, ರಾತ್ರಿ ಬಲೆಗೆ ಬೆಳಕು ಕೊಡುವ ದೀಪದ ಕಂಬ, ಮತ್ತು ಇಂಜಿನ್ ಕೆಟ್ಟರೆ ಬೇರೆ ದೋಣಿಯವರು ಎಳೆಯಲು ಹಗ್ಗ ಕಟ್ಟುವ ಒಂದು ಬಳೆ, ಮುಂಭಾಗದಲ್ಲಿ. ಇಷ್ಟನ್ನೂ ತೂತಿಲ್ಲದೆ ಕೂರಿಸಬಹುದೆ? ಅಪ್ಪಯ್ಯನ ಮಾತು ಮೀರಲು ಹೊರಟದ್ದು ತಪ್ಪೆ?

— ಒಬ್ಬ ಓದುಗ, ಕುಂದಾಪುರ ತಾಲ್ಲೂಕು

ಉತ್ತರ: ನಿಮ್ಮ ಪಟ್ಟಿಯಲ್ಲಿರುವ ಐದರಲ್ಲಿ ನಾಲ್ಕನ್ನು ಒಂದು ತೂತೂ ಇಲ್ಲದೆ ಕೂರಿಸಬಹುದು. ಐದನೆಯದನ್ನು, ಎಂದರೆ ಹಗ್ಗದ ಬಳೆಯನ್ನು, ದಯವಿಟ್ಟು ಅಂಟಿಸಬೇಡಿ. ಏಕೆಂದು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಅಪ್ಪಯ್ಯನ ಮಾತಿಗೆ ಬರುತ್ತೇನೆ, ಅದರಲ್ಲಿ ಹುರುಳಿದೆ.

ಫೈಬರ್ ದೋಣಿ ಎಂದು ನಾವು ಕರೆಯುವುದು ಗಾಜಿನ ನಾರಿನ ಮ್ಯಾಟ್ ಮತ್ತು ಪಾಲಿಯೆಸ್ಟರ್ ರೆಸಿನ್‌ಗಳನ್ನು ಪದರ ಪದರವಾಗಿ ಕೂರಿಸಿದ ಚಿಪ್ಪು. ಹೊರಮೈಯಲ್ಲಿ ಹೊಳೆಯುವ ಬಣ್ಣದ ತೆಳು ಲೇಪವೇ ಜೆಲ್‌ಕೋಟ್. ನೀರು ಒಳಗಿನ ಪದರಗಳಿಗೆ ಇಳಿಯದಂತೆ ತಡೆಯುವ ಮೊದಲ ಕಾವಲು ಅದು. ತಳ ಮತ್ತು ಪಕ್ಕೆಗಳು ಬಹುಮಟ್ಟಿಗೆ ಗಟ್ಟಿ ಫೈಬರ್ ಆಗಿರುತ್ತವೆ. ಆದರೆ ಇಂಜಿನ್ ಕೂರುವ ಹಿಂದಿನ ಹಲಗೆಗೆ ಬಿಗಿ ಬೇಕೆಂದು ಅದರೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇಟ್ಟು ಎರಡೂ ಬದಿಗೆ ಫೈಬರ್ ಹೊದಿಸುತ್ತಾರೆ. ಆ ಹುಡುಗ ಡ್ರಿಲ್ ಹಿಡಿದು ನಿಂತದ್ದು ಅಲ್ಲಿಯೇ. ಸ್ಕ್ರೂ ಹಾಕಿ ಸುತ್ತ ಸ್ವಲ್ಪ ಸಿಲಿಕೋನ್ ಹಚ್ಚಿದರೆ ಮೊದಲ ಮಳೆಗಾಲದ ತನಕ ಏನೂ ತೋರುವುದಿಲ್ಲ. ಇಂಜಿನ್ನಿನ ನಡುಕಕ್ಕೆ ಸ್ಕ್ರೂ ದಿನದಿನವೂ ಕೂದಲೆಳೆಯಷ್ಟು ಸಡಿಲವಾಗುತ್ತದೆ, ನೀರು ಎಳೆಯ ಜಾಡಿನಲ್ಲಿ ಪ್ಲೈವುಡ್ಡಿಗೆ ಇಳಿಯುತ್ತದೆ. ಹೊರಗೆ ಫೈಬರ್ ಹೊಳೆಯುತ್ತಲೇ ಇರುತ್ತದೆ, ಒಳಗೆ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಕೊನೆಗೆ ಸ್ಕ್ರೂ ಬಿಗಿಮಾಡಲು ಹೋದರೆ ಸುಮ್ಮನೆ ತಿರುಗುತ್ತದೆ. ಆಗಲೇ ತಿಳಿಯುವುದು. ಆ ಹೊತ್ತಿಗೆ ಇಡೀ ಹಲಗೆಯನ್ನೇ ಕತ್ತರಿಸಿ ಬದಲಿಸುವ ಕೆಲಸ ಕಾದಿರುತ್ತದೆ. ನಿಮ್ಮ ಅಪ್ಪಯ್ಯ ಇದನ್ನು ಒಮ್ಮೆ ಕಣ್ಣಾರೆ ಕಂಡವರು. ಅವರ ಹೆದರಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ.

ಆದರೆ ಅವರೂ ಒಂದು ಮಾತು ಒಪ್ಪಬೇಕಾದೀತು. ತೂತಿನಿಂದ ದೋಣಿ ಕೆಡುವುದಿಲ್ಲ, ತೂತಿನ ಅಂಚಿನಲ್ಲಿ ಮರ ಬೆತ್ತಲೆಯಾಗಿ ಉಳಿದರೆ ಕೆಡುತ್ತದೆ. ಹಾಗಾಗಿ ‘ತೂತೋ, ಅಂಟೋ’ ಎಂದು ಇಡೀ ದೋಣಿಗೆ ಒಂದೇ ತೀರ್ಮಾನ ಮಾಡಬೇಡಿ. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಕಡಲು ಯಾವ ದಿಕ್ಕಿಗೆ ಎಳೆಯುತ್ತದೆ? ಇದು ಕಿತ್ತುಬಂದರೆ ಯಾರ ಜೀವಕ್ಕೆ ಅಪಾಯ?

ಮೊದಲ ಪ್ರಶ್ನೆ ಏಕೆಂದರೆ, ಅಂಟಿನ ಬಲ ಎಳೆತದ ದಿಕ್ಕಿನ ಮೇಲೆ ನಿಂತಿದೆ. ಗೋಡೆಗೆ ಅಂಟಿಸಿದ ಯಕ್ಷಗಾನದ ಪೋಸ್ಟರನ್ನು ಅಂಗೈ ಒತ್ತಿ ಪಕ್ಕಕ್ಕೆ ಜಾರಿಸಲು ನೋಡಿ, ಅಲುಗುವುದಿಲ್ಲ. ಮೂಲೆಗೆ ಉಗುರು ಹಾಕಿ ಎತ್ತಿದರೆ ಉದ್ದಕ್ಕೂ ಸುಲಿದು ಬರುತ್ತದೆ. ಫೈಬರಿನ ಮೇಲಿನ ಎಪಾಕ್ಸಿ ಅಂಟೂ ಹಾಗೆಯೇ. ಅಗಲವಾದ ಬುಡ, ಮೈಗೆ ಒತ್ತಿದಂತೆ ಅಥವಾ ಮೈಯುದ್ದಕ್ಕೆ ಜಾರುವ ಎಳೆತ, ಇವಿದ್ದರೆ ಅಂಟು ಬಹಳ ಕಾಲ ಬಾಳುತ್ತದೆ. ಸಣ್ಣ ಬುಡದ ಮೇಲೆ ಎತ್ತರದ ವಸ್ತುವಿದ್ದರೆ ಪ್ರತಿ ಅಲೆಯೂ ಅದರ ಒಂದು ಅಂಚನ್ನು ಎತ್ತಿ ಎತ್ತಿ ಸುಲಿಯುತ್ತದೆ.

ಈಗ ಹಗ್ಗದ ಬಳೆ. ಅಳಿವೆಯ ಬಾಯಲ್ಲಿ ಇಂಜಿನ್ ನಿಂತು, ಇನ್ನೊಂದು ದೋಣಿ ನಿಮ್ಮನ್ನು ಎಳೆಯುತ್ತಿದೆ ಎಂದುಕೊಳ್ಳಿ. ಎರಡೂ ದೋಣಿಗಳು ಬೇರೆ ಬೇರೆ ಅಲೆಯ ಮೇಲಿರುತ್ತವೆ. ಹಗ್ಗ ಒಮ್ಮೆ ಜೋತುಬಿದ್ದು ಮರುಕ್ಷಣ ಬಿಲ್ಲಿನ ಹೆದೆಯಂತೆ ಬಿಗಿಯುತ್ತದೆ. ನಿಧಾನವಾಗಿ ಎಳೆಯುವಾಗಿನ ಭಾರಕ್ಕಿಂತ ಆ ಜಗ್ಗಿನ ಹೊಡೆತ ಹಲವು ಪಟ್ಟು. ಅದೂ ಒಮ್ಮೆ ಮೇಲಕ್ಕೆ, ಒಮ್ಮೆ ಅಂಚೆತ್ತುವಂತೆ ಓರೆಗೆ, ಎಂದರೆ ಅಂಟಿಗೆ ಆಗದ ದಿಕ್ಕುಗಳಿಗೇ. ಅಂಟಿಸಿದ ಬಳೆ ಆಗ ಕಿತ್ತುಹೋದರೆ ಬಿಗಿದ ಹಗ್ಗದ ತುದಿಯಲ್ಲಿ ಲೋಹದ ತುಂಡು ಎದುರು ದೋಣಿಯವರ ಮುಖಕ್ಕೇ ಹಾರುತ್ತದೆ, ನಿಮ್ಮ ದೋಣಿ ಅಲೆಗೆ ಅಡ್ಡಬೀಳುತ್ತದೆ. ಲಂಗರು, ಎಳೆಯುವ ಹಗ್ಗ, ಬಲೆ ಎಳೆಯುವ ರಾಟೆ, ಜನ ಹಿಡಿದು ನಿಲ್ಲುವ ಕಂಬಿ, ಇಂಜಿನ್, ಇವಕ್ಕೆಲ್ಲ ಆರಪಾರ ಬೋಲ್ಟೇ ಬೇಕು, ಒಳಬದಿಯಲ್ಲಿ ಅಗಲವಾದ ತಗಡು ಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಆ ತೂತನ್ನು ದೋಣಿ ಕೆಡದಂತೆ ಮಾಡುವ ಕ್ರಮವಿದೆ, ಅಪ್ಪಯ್ಯನಿಗೆ ಅದನ್ನು ತೋರಿಸಿ. ಬೋಲ್ಟಿಗಿಂತ ದೊಡ್ಡದಾಗಿ ತೂತು ಕೊರೆಯಿರಿ. ಜೆಲ್‌ಕೋಟ್ ಚಕ್ಕೆಯೇಳದಿರಲು ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಮೇಲಿನ ಪದರ ಸವೆಸಿ, ಆಮೇಲೆ ಸರಿಯಾಗಿ ತಿರುಗಿಸಿ ಒಳಗಿಳಿಸಿ. ಒಳಗೆ ಪ್ಲೈವುಡ್ ಕಂಡರೆ ಅದರ ಅಂಚನ್ನು ಸ್ವಲ್ಪ ಕೆರೆದು ತೆಗೆದು, ತೂತನ್ನು ಪೂರ್ತಿ ಎಪಾಕ್ಸಿಯಿಂದ ತುಂಬಿ. ಅದು ಕಲ್ಲಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ತೂತು ಕೊರೆಯಿರಿ. ಈಗ ಬೋಲ್ಟಿನ ಸುತ್ತ ಇರುವುದು ಎಪಾಕ್ಸಿಯ ಗೋಡೆ. ಮುಂದೆಂದೋ ನೀರು ಸೋರಿದರೂ ಅದು ಮರವನ್ನು ಮುಟ್ಟುವುದಿಲ್ಲ. ಮೇಲಿನ ಬಾಯಿಯನ್ನು ಸ್ವಲ್ಪ ಅಗಲಿಸಿ ಅಲ್ಲಿ ಪಾಲಿಯುರೆಥೇನ್ ಸೀಲೆಂಟ್ ತುಂಬಿ ಬಿಗಿಮಾಡಿ. ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಅಗ್ಗದ 304 ಉಪ್ಪುನೀರಿಗೆ ಬೇಗ ತುಕ್ಕಿನ ಚುಕ್ಕೆ ಹಿಡಿಯುತ್ತದೆ.

ಇನ್ನು ಸೆನ್ಸರ್. ಇದನ್ನು ದೋಣಿಯ ಹೊರಗೆ ಕೂರಿಸಲೇಬೇಕೆಂದಿಲ್ಲ, ಒಳಗೇ ಕೂರಿಸಬಹುದು. ನಿಮ್ಮ ಮನೆಯ ಜಗಳ ಇದರಿಂದಲೇ ಅರ್ಧ ಬಗೆಹರಿದೀತು.

ಫಿಶ್ ಫೈಂಡರ್ ಕೆಲಸಮಾಡುವುದು ಶಬ್ದದ ಅಲೆಗಳಿಂದ. ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ ಸದ್ದನ್ನು ಸೆನ್ಸರ್ ಕೆಳಕ್ಕೆ ಕಳಿಸುತ್ತದೆ, ತಳಕ್ಕೋ ಮೀನಿನ ಹಿಂಡಿಗೋ ತಾಗಿ ಮರಳಿದ್ದನ್ನು ಹಿಡಿದು, ಹೋಗಿಬರಲು ಹಿಡಿದ ಹೊತ್ತಿನಿಂದ ಆಳ ಲೆಕ್ಕಹಾಕುತ್ತದೆ. ಈ ಸದ್ದು ಗಟ್ಟಿ ಫೈಬರಿನ ಮೂಲಕ ಹಾದುಹೋಗುತ್ತದೆ, ಬಲ ಸ್ವಲ್ಪ ಕುಗ್ಗುತ್ತದೆ ಅಷ್ಟೆ. ಅದಕ್ಕೆ ಶತ್ರು ಗಾಳಿ. ಸೆನ್ಸರಿಗೂ ತಳಕ್ಕೂ ನಡುವೆ ಒಂದು ತೆಳು ಗಾಳಿಯ ಪದರ ಉಳಿದರೂ ಸದ್ದು ಅಲ್ಲೇ ತಿರುಗಿಬಿಡುತ್ತದೆ. ತಳದೊಳಗೆ ಪ್ಲೈವುಡ್ ಅಥವಾ ಫೋಮ್ ಇದ್ದರೂ ದಾಟುವುದಿಲ್ಲ, ಅವುಗಳ ಹೊಟ್ಟೆಯಲ್ಲಿರುವುದೂ ಗಾಳಿಯೇ.

ಹಾಗಾಗಿ ಮೊದಲು ಯಂತ್ರದ ಕೈಪಿಡಿ ನೋಡಿ. 50, 83 ಅಥವಾ 200 ಕಿಲೋಹರ್ಟ್ಸ್‌ನ ಸಾಮಾನ್ಯ ಸೆನ್ಸರ್ ಆಗಿದ್ದರೆ ಒಳಗಿನಿಂದ ಕೆಲಸಮಾಡುತ್ತದೆ. ಕೆಳಗಿನ, ಪಕ್ಕದ ಚಿತ್ರವನ್ನು ಫೋಟೋದಂತೆ ತೋರಿಸುವ 455, 800 ಕಿಲೋಹರ್ಟ್ಸ್‌ನ ನಮೂನೆಯಾದರೆ ಅದು ನೀರನ್ನೇ ಮುಟ್ಟಬೇಕು, ಫೈಬರ್ ದಾಟಿ ಆ ಚಿತ್ರ ಬಾರದು. ನೀರಿನ ಉಷ್ಣತೆ ತೋರಿಸುವ ಅಂಕಿಯನ್ನೂ ನಂಬಬೇಡಿ, ಒಳಗಿಟ್ಟ ಸೆನ್ಸರ್ ಅಳೆಯುವುದು ದೋಣಿಯ ತಳದ ಬಿಸಿಯನ್ನು. ಆಳ ಮತ್ತು ಮೀನಿನ ಹಿಂಡು ಕಾಣಬೇಕು ಎಂಬುದಷ್ಟೇ ನಿಮ್ಮ ಬಯಕೆಯಾದರೆ, ದಂಡೆಯ ಹತ್ತಿರ ದುಡಿಯುವ ನಾಡದೋಣಿಗೆ ಇಷ್ಟು ಸಾಕು.

ಜಾಗ ಹುಡುಕುವ ಕೆಲಸವನ್ನು ಅಪ್ಪಯ್ಯನಿಗೆ ಒಪ್ಪಿಸಿ. ಸಮಾಧಾನಕ್ಕೆಂದು ಹೇಳುತ್ತಿಲ್ಲ. ದೋಣಿ ಓಡುವಾಗ ಯಾವ ಭಾಗದ ಕೆಳಗೆ ನೀರು ನೊರೆಯಿಲ್ಲದೆ ಹರಿಯುತ್ತದೆ, ಯಾವ ಭಾಗ ಅಲೆಯ ಮೇಲೆ ಎದ್ದು ಗಾಳಿಗೆ ಬೀಳುತ್ತದೆ ಎಂಬುದು ಚುಕ್ಕಾಣಿ ಹಿಡಿದು ಪಳಗಿದವರಿಗೇ ಗೊತ್ತಿರುವುದು. ಬೇಕಾದದ್ದು ದೋಣಿಯ ಹಿಂದಿನ ಮೂರನೇ ಒಂದು ಭಾಗದಲ್ಲಿ, ನಡುಗೆರೆಗೆ ಹತ್ತಿರವಾಗಿ, ಸದಾ ನೀರಲ್ಲಿ ಮುಳುಗಿರುವ, ಒಳಗಿನಿಂದ ಕೈಗೆಟುಕುವ ಗಟ್ಟಿ ಫೈಬರಿನ ಅಂಗೈಯಗಲ ಜಾಗ. ಸುತ್ತಿಗೆಯ ಹಿಡಿಯಿಂದ ಮೆಲ್ಲನೆ ತಟ್ಟುತ್ತ ಹೋಗಿ. ಗಟ್ಟಿ ಫೈಬರಿನ ಸದ್ದಿಗೂ ಒಳಗೆ ಮರ ಅಥವಾ ಫೋಮ್ ಇರುವಲ್ಲಿನ ಸದ್ದಿಗೂ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ಸಂಶಯ ಉಳಿದರೆ ದೋಣಿ ಮಾಡಿಕೊಟ್ಟವರನ್ನೇ ಕೇಳಿ. ಯಾವ ಪದರದಲ್ಲಿ ಏನಿಟ್ಟಿದ್ದಾರೆಂದು ಅವರು ಹೇಳಬಲ್ಲರು.

ಮುಖ್ಯವಾದ ಮಾತು: ಅಂಟಿಸುವ ಮೊದಲೇ ಪರೀಕ್ಷೆ ಮಾಡಬಹುದು. ಒಂದು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಸೆನ್ಸರನ್ನು ಅದರೊಳಗಿಟ್ಟು, ಚೀಲವನ್ನು ಒದ್ದೆಮಾಡಿದ ತಳದ ಮೇಲೆ ಒತ್ತಿ ಹಿಡಿಯಿರಿ. ಸೆನ್ಸರ್ ನೆಟ್ಟಗೆ ಕೆಳಕ್ಕೆ ಮುಖಮಾಡಿರಬೇಕು. ದೋಣಿ ನಿಂತಿರುವಾಗ ಅಪ್ಪಯ್ಯ ಗುಂಡು ಕಟ್ಟಿದ ಹಗ್ಗ ಇಳಿಸಿ ಎಷ್ಟು ಮಾರು ಆಳವೆಂದು ಹೇಳಲಿ, ಪರದೆಯ ಅಂಕಿಯೊಡನೆ ತಾಳೆ ನೋಡಿ. ಆಮೇಲೆ ಮೆಲ್ಲಗೆ ಓಡಿಸಿ ನೋಡಿ, ಜೋರಾಗಿ ಓಡಿಸಿ ನೋಡಿ. ವೇಗ ಏರಿದಾಗ ಅಂಕಿ ತಪ್ಪಿಹೋದರೆ ಆ ಜಾಗದ ಕೆಳಗೆ ಗುಳ್ಳೆ ಹಾಯುತ್ತಿದೆ ಎಂದರ್ಥ, ಒಂದು ಗೇಣು ಅತ್ತಿತ್ತ ಸರಿಸಿ ಮತ್ತೆ ನೋಡಿ. ಇದರಲ್ಲಿ ದೋಣಿಗೆ ಒಂದು ಗೆರೆಯೂ ಬೀಳುವುದಿಲ್ಲ. ಮಾತಿನಲ್ಲಿ ಒಪ್ಪದವರು ತಮ್ಮದೇ ಹಗ್ಗದ ಅಳತೆ ಪರದೆಯಲ್ಲಿ ಮೂಡಿದ್ದನ್ನು ಕಂಡರೆ ಒಪ್ಪಿಯಾರು.

ಜಾಗ ಖಾತ್ರಿಯಾದ ಮೇಲೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತನ್ನಿ. ಐದು ನಿಮಿಷದಲ್ಲಿ ಕಲ್ಲಾಗುವ ನಮೂನೆ ಬೇಡ. ಅದು ನೀರಿಗೆ ಅಷ್ಟಾಗಿ ತಡೆಯುವುದಿಲ್ಲ, ಒಳಗಿನ ಗುಳ್ಳೆ ಮೇಲೇಳಲು ಹೊತ್ತನ್ನೂ ಕೊಡುವುದಿಲ್ಲ. ಎರಡು ಭಾಗಗಳನ್ನು ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ ಮೆಲ್ಲಗೆ ಕಲಸಿ, ಕಡೆಯಬೇಡಿ. ಕಡೆದರೆ ಗಾಳಿ ಸೇರುತ್ತದೆ. ತಳದ ಮೇಲೆ ಸುರಿದು, ಸೆನ್ಸರನ್ನು ಒಂದು ಬದಿಯಿಂದ ಓರೆಯಾಗಿ ಇಳಿಸಿ, ತಿರುಚುತ್ತ ಒತ್ತಿ, ಗುಳ್ಳೆಯೆಲ್ಲ ಅಂಚಿನಿಂದ ಹೊರಬರಲಿ. ಸಿಲಿಕೋನ್ ಇಲ್ಲಿ ಬೇಡವೇ ಬೇಡ, ರಬ್ಬರಿನಂತೆ ಮೆತ್ತಗಿದ್ದು ಸದ್ದನ್ನು ನುಂಗುತ್ತದೆ.

ಸೆನ್ಸರನ್ನು ಶಾಶ್ವತವಾಗಿ ಅಂಟಿಸಿಬಿಡಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿಯಿದೆ, ನನಗೆ ಇದೇ ಹೆಚ್ಚು ಇಷ್ಟ. ದಪ್ಪ ಪಿವಿಸಿ ಪೈಪಿನ ಗಿಡ್ಡ ತುಂಡನ್ನು ತಳದ ಓರೆಗೆ ತಕ್ಕಂತೆ ಕತ್ತರಿಸಿ ಎಪಾಕ್ಸಿಯಿಂದ ನಿಲ್ಲಿಸಿ. ಒಳಗೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತುಂಬಿ, ಸೆನ್ಸರನ್ನು ಅದರಲ್ಲಿ ಮುಳುಗಿಸಿ, ಮುಚ್ಚಳ ಹಾಕಿ. ಸದ್ದು ಎಣ್ಣೆಯ ಮೂಲಕ ಸರಾಗವಾಗಿ ಇಳಿಯುತ್ತದೆ. ಸೆನ್ಸರ್ ಕೆಟ್ಟರೆ ಎತ್ತಿ ಬದಲಿಸಬಹುದು.

ಒಳಗೆಲ್ಲೂ ಗಟ್ಟಿ ಫೈಬರ್ ಸಿಗದಿದ್ದರೆ ಹಿಂದಿನ ಹಲಗೆಗೇ ಬರಬೇಕು, ಆಗಲೂ ಅದನ್ನು ಕೊರೆಯದೆ ಸಾಗುತ್ತದೆ. ದೋಣಿ ಕಟ್ಟುವ ಶೆಡ್ಡಿನಲ್ಲಿ ಉಳಿದ ಗಟ್ಟಿ ಫೈಬರಿನ ದಪ್ಪ ತುಂಡನ್ನು ಕೇಳಿ ತನ್ನಿ. ಅದನ್ನು ಹಲಗೆಗೆ ಎಪಾಕ್ಸಿಯಿಂದ ಕೂರಿಸಿ, ಸೆನ್ಸರಿನ ಹಿಡಿಕೆಯನ್ನು ಆ ತುಂಡಿಗೆ ಸ್ಕ್ರೂ ಮಾಡಿ. ಸ್ಕ್ರೂವಿನ ಉದ್ದ ತುಂಡಿನ ದಪ್ಪಕ್ಕಿಂತ ಕಡಿಮೆಯಿರಬೇಕು. ಇಂಜಿನ್ನಿನ ಪ್ರೊಪೆಲ್ಲರಿನ ಎಲೆ ಕೆಳಕ್ಕಿಳಿಯುವ ಬದಿಯಲ್ಲಿ ಕೂರಿಸಿದರೆ ಗುಳ್ಳೆಯ ಕಾಟ ಕಡಿಮೆ. ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆಯನ್ನು ಮಾತ್ರ ಬಳಸಬೇಡಿ. ನೀರಿಗೆ ಕೊಳೆಯುವುದಿಲ್ಲ ಎಂದು ಅದು ಆಸೆ ಹುಟ್ಟಿಸುತ್ತದೆ, ಆದರೆ ಆ ಜಾತಿಯ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ. ಸೆನ್ಸರಿಗೆ ಒಂದು ಗಟ್ಟಿ ದಾರ ಕಟ್ಟಿ ತುದಿಯನ್ನು ದೋಣಿಯೊಳಗೆ ಬಿಗಿದಿಡಿ. ಏನೋ ತಾಗಿ ಕಿತ್ತರೂ ಕಡಲ ಪಾಲಾಗದು. ವೈರನ್ನು ಹಲಗೆಯ ಮೇಲಂಚಿನಿಂದಲೇ ಒಳತನ್ನಿ.

ಪರದೆ ಮತ್ತು ಆಂಟೆನಾ ಸುಲಭ, ಅವು ಹಗುರ. ಅಕ್ರಿಲಿಕ್ ಫೋಮಿನ ಎರಡು ಬದಿಯ ಟೇಪು, ತ್ರೀಎಂ ಕಂಪನಿಯ ವಿಎಚ್‌ಬಿಯಂಥದ್ದು, ಸಾಕಾಗುತ್ತದೆ. ನಿಂತ ಭಾರಕ್ಕೆ ಕಿಲೋಗೆ ಸುಮಾರು 55 ಚದರ ಸೆಂಟಿಮೀಟರ್ ಟೇಪು ಬೇಕೆಂಬುದು ಅದರ ಲೆಕ್ಕ. ಅಲೆಯ ಮೇಲೆ ಕುಣಿಯುವ ದೋಣಿಯಲ್ಲಿ ಅದಕ್ಕಿಂತ ಹಲವು ಪಟ್ಟು ಇಡಿ. ಜೋರಾಗಿ ಒತ್ತಿ ಅಂಟಿಸಿ, ಪೂರ್ತಿ ಬಲ ಬರಲು ಮೂರು ದಿನ ಬಿಡಿ.

ದೀಪದ ಕಂಬಕ್ಕೆ ಅಂಟೂ ಬೇಡ, ತೂತೂ ಬೇಡ. ಎತ್ತರದ ಕಂಬ ಬುಡವನ್ನು ಹೇಗೆ ಸುಲಿಯುತ್ತದೆ ಎಂದು ಆಗಲೇ ಹೇಳಿದೆ. ಅದನ್ನು ಅಡ್ಡಹಲಗೆಗೆ ಯು-ಬೋಲ್ಟಿನ ಕ್ಲ್ಯಾಂಪಿನಿಂದ ಕಚ್ಚಿಸಿ, ನಡುವೆ ರಬ್ಬರಿನ ಪಟ್ಟಿ ಇಡಿ. ಕಡಲಿಗೆ ಹೋಗದ ದಿನ ಬಿಚ್ಚಿ ಮನೆಗೂ ಒಯ್ಯಬಹುದು. ಜನ ಕೊರೆಯುವುದು, ಅಂಟಿಸುವುದು ಎರಡನ್ನೇ ಯೋಚಿಸಿ ಕಚ್ಚಿಸುವುದನ್ನು ಮರೆತುಬಿಡುತ್ತಾರೆ. ಪಕ್ಕೆಯ ಒಳಮೈಯಲ್ಲಿ ಒಂದು ಗೂಟ ಗಟ್ಟಿಯಾಗಿ ನಿಲ್ಲಬೇಕಿದ್ದರೆ ದೋಣಿ ಕಟ್ಟುವವರು ಇನ್ನೊಂದು ಉಪಾಯ ಮಾಡುತ್ತಾರೆ. ತೂತು ತೂತಾದ ತಗಡಿಗೆ ಬೋಲ್ಟು ಬೆಸೆದು, ಆ ತಗಡಿನ ಮೇಲೆ ಎರಡು ಮೂರು ಪದರ ಮ್ಯಾಟ್ ಹಾಕಿ ರೆಸಿನ್ ಕುಡಿಸುತ್ತಾರೆ. ರೆಸಿನ್ ಆ ತೂತುಗಳಲ್ಲಿ ಇಳಿದು ತಗಡನ್ನು ಹಿಡಿದುಕೊಳ್ಳುತ್ತದೆ. ಬರಿ ಅಂಟಿಗಿಂತ ಇದು ಬಹಳ ಗಟ್ಟಿ. ಒಂದು ಎಚ್ಚರ ಮಾತ್ರ ಇರಲಿ: ಗಟ್ಟಿಯಾದ ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಚೆನ್ನಾಗಿ ಕೂರುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಕೂರುವುದಿಲ್ಲ. ಶೆಡ್ಡಿನವರಿಂದ ಮ್ಯಾಟ್ ಹಾಕಿಸುವುದಿದ್ದರೆ ಅಲ್ಲಿ ಮೊದಲೇ ಎಪಾಕ್ಸಿ ಹಚ್ಚಬೇಡಿ. ನೀವೇ ರೆಸಿನ್ ಕಲಸಲು ಹೊರಟರೆ, ಅದರ ಜೊತೆ ಕೊಡುವ ಕೆಟಲಿಸ್ಟ್ ಮತ್ತು ಎಕ್ಸಲರೇಟರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬಾರದು, ಸ್ಫೋಟಿಸುತ್ತದೆ. ಕೆಟಲಿಸ್ಟಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಕನ್ನಡಕ ಹಾಕದೆ ಆ ಡಬ್ಬಿ ತೆರೆಯಬೇಡಿ.

ಬಂದರಿನವರು ಹೇಳಿದ ಅಂಟುಗಳ ಬಗ್ಗೆ ಎರಡು ಮಾತು. ಎಂ-ಸೀಲ್ ಸಂದು ಮುಚ್ಚಲು ಒಳ್ಳೆಯದು, ನಡುಗುವ ಭಾರ ಹೊರಲು ಅಲ್ಲ. ಸಿಲಿಕೋನ್ ಭಾರವನ್ನೂ ಹೊರದು, ಅದರ ಜಿಡ್ಡು ಉಳಿದ ಕಡೆ ಮುಂದೆ ಬಣ್ಣವೋ ಬೇರೆ ಅಂಟೋ ಹಿಡಿಯುವುದೂ ಇಲ್ಲ. ಅಲುಗದ ಜೋಡಣೆಗೆ ಎಪಾಕ್ಸಿ. ನಡುಕ ಹೆಚ್ಚಿದ್ದು ಅಂಟು ಸ್ವಲ್ಪ ಬಳುಕಬೇಕಾದಲ್ಲಿ ಸಿಕಾಫ್ಲೆಕ್ಸ್‌ನಂಥ, ಅಥವಾ ತ್ರೀಎಂ 5200ರಂಥ ಪಾಲಿಯುರೆಥೇನ್. ಈ 5200 ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಹಿಡಿಯುತ್ತದೆ, ಹಿಡಿದ ಮೇಲೆ ಬಿಡಿಸಲು ಹೋದರೆ ಜೆಲ್‌ಕೋಟ್ ಸಮೇತ ಬರುತ್ತದೆ. ಮುಂದೆ ಬಿಚ್ಚುವ ವಸ್ತುವಿಗೆ ಅದು ಬೇಡ.

ಆದರೆ ಅಂಟು ಯಾವುದಾದರೂ ಇರಲಿ, ಅದು ಕೈಕೊಟ್ಟ ಕಡೆಯಲ್ಲೆಲ್ಲ ಹೆಚ್ಚಾಗಿ ತಪ್ಪಿರುವುದು ಮೈ ತಯಾರಿಯಲ್ಲಿ. ಅಂಟಿಸಿದ್ದು ಒಂದು ದಿನವೂ ನಿಲ್ಲದು ಎಂದವರು ಕಂಡದ್ದು ಅದನ್ನೇ ಇರಬೇಕು. ಹೊಸ ದೋಣಿಯ ಹೊರಮೈಗೆ ಅಚ್ಚಿನಿಂದ ಸುಲಭವಾಗಿ ಬಿಡಿಸಲು ಹಚ್ಚಿದ ಮೇಣ ಉಳಿದಿರುತ್ತದೆ, ಒಳಮೈಯ ಕೊನೆಯ ಲೇಪದಲ್ಲೂ ಮೇಣ ಇರಬಹುದು. ದುಡಿದ ದೋಣಿಯಾದರೆ ಅದರ ಮೇಲೆ ಉಪ್ಪು, ಮತ್ತೆ ಭೂತಾಯಿ ಮೀನಿನ ಎಣ್ಣೆ. ಆ ಎಣ್ಣೆ ನೀವು ತಿಳಿದದ್ದಕ್ಕಿಂತ ಹಟಮಾರಿ. ಮೊದಲು ಸೋಪಿನ ನೀರಲ್ಲಿ ತಿಕ್ಕಿ, ಸಿಹಿನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ಅಸಿಟೋನ್ ಹಾಕಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿ. ಅದೇ ಬಟ್ಟೆಯನ್ನು ತಿರುಗಿಸಿ ಒರೆಸಿದರೆ ಎಣ್ಣೆಯನ್ನು ಹರಡಿದಂತಾಗುತ್ತದೆ. ಇಷ್ಟಾದ ಮೇಲಷ್ಟೇ 80 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಪೂರ್ತಿ ಸಾಯುವ ತನಕ ಉಜ್ಜಿ. ಮೊದಲೇ ಉಜ್ಜಿದರೆ ಮೇಣ ಗೀರುಗಳ ಒಳಗೆ ಸೇರಿಕೊಳ್ಳುತ್ತದೆ. ಮೇಲೆ ಬಣ್ಣ ಬಳಿದಿದ್ದರೆ ಅದನ್ನು ತೆಗೆಯಿರಿ, ಅಂಟು ಬಣ್ಣವನ್ನು ಬಿಡದಿದ್ದರೂ ಬಣ್ಣ ದೋಣಿಯನ್ನು ಬಿಡುತ್ತದೆ. ಕೊನೆಯಲ್ಲಿ ಒಂದಿಷ್ಟು ಶುದ್ಧ ನೀರು ಚಿಮುಕಿಸಿ ನೋಡಿ. ನೀರು ಸಮನಾಗಿ ಹರಡಿ ನಿಂತರೆ ಮೈ ಸ್ವಚ್ಛ, ಮುತ್ತುಮುತ್ತಾಗಿ ಒಡೆದರೆ ಎಣ್ಣೆ ಇನ್ನೂ ಇದೆ. ಮತ್ತೆ ಒಣಗಿಸಿ, ಅಸಿಟೋನ್ ಒರೆಸಿ, ತಡಮಾಡದೆ ಅಂಟಿಸಿ. ಉಜ್ಜುವಾಗ ಮೂಗು ಬಾಯಿಗೆ ಮಾಸ್ಕ್, ತುಂಬುತೋಳಿನ ಅಂಗಿ ಇರಲಿ, ಗಾಜಿನ ಪುಡಿ ಮೈಗೆ ತುರಿಕೆ ಎಬ್ಬಿಸುತ್ತದೆ, ಶ್ವಾಸಕ್ಕೂ ಒಳ್ಳೆಯದಲ್ಲ. ಅಸಿಟೋನ್ ಇರುವ ಕಡೆ ಬೀಡಿಯೂ ಬೇಡ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವುದರಿಂದ ದೋಣಿಯ ಕೆಲಸವನ್ನೆಲ್ಲ ಆಗಲೇ ಇಟ್ಟುಕೊಳ್ಳುವುದು ವಾಡಿಕೆ. ಆದರೆ ಈ ಕೆಲಸಕ್ಕೆ ಅದು ಕೆಟ್ಟ ಕಾಲ. ಗಾಳಿಯೇ ಒದ್ದೆಯಿರುತ್ತದೆ, ಒರೆಸಿದ ಅಸಿಟೋನ್ ಆರುವಾಗ ಮೈ ತಣ್ಣಗಾಗಿ ಕಾಣದ ಹನಿ ಕೂರುತ್ತದೆ, ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಏಳುತ್ತದೆ. ಆ ಪೊರೆಯ ಮೇಲೆ ಇನ್ನೊಂದು ಪದರ ಹಚ್ಚುವುದಿದ್ದರೆ ನೀರಿನಿಂದ ತೊಳೆದು ಉಜ್ಜಿಯೇ ಹಚ್ಚಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮೂರು ನಾಲ್ಕು ದಿನ ದೋಣಿಯನ್ನು ದಡಕ್ಕೆ ಎಳೆದಿಡಲು ಸಾಧ್ಯವಾದರೆ ಆಗ ಮಾಡಿ, ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ. ಉರಿಬಿಸಿಲಲ್ಲಿ ಕಲಸಿದ ಎಪಾಕ್ಸಿ ಬಟ್ಟಲಲ್ಲೇ ಹೊಗೆಯಾಡುತ್ತದೆ. ಮಳೆಗಾಲದಲ್ಲೇ ಮಾಡಬೇಕಾದರೆ ಶೆಡ್ಡಿನೊಳಗೆ, ಜಾಗವನ್ನು ದೀಪದ ಶಾಖದಿಂದ ಬೆಚ್ಚಗೆ ಒಣಗಿಸಿಕೊಂಡು ಮಾಡಿ. ಸಂಜೆಗೇ ಕಡಲಿಗಿಳಿಸುವ ಅವಸರವಿದ್ದರೆ ಅಂಟಿಸುವುದೇ ಬೇಡ.

ಅಪ್ಪಯ್ಯನ ಮಾತು ಮೀರಲು ಹೊರಟದ್ದು ತಪ್ಪೆ ಎಂದು ಕೇಳಿದ್ದೀರಿ. ಹೊಸ ಯಂತ್ರ ಬೇಕೆನಿಸಿದ್ದು ತಪ್ಪಲ್ಲ, ಸಾಲದ ಕಂತಿನ ಹೊರೆ ನಿಮ್ಮ ತಲೆಯ ಮೇಲೂ ಇದೆ. ದಕ್ಕೆಯಲ್ಲಿ ನಾಲ್ಕು ಜನರೆದುರು ಅವರಿಗೆ ತಿಳಿಯುವುದಿಲ್ಲ ಎಂದದ್ದು ತಪ್ಪು. ಅಲೆ ನೋಡಿ ದೋಣಿ ತಿರುಗಿಸಿದವರಿಗೆ ಆ ಮಾತು ಚುಚ್ಚುತ್ತದೆ. ಮನೆಯಲ್ಲಿ ಕೂತು ಕ್ಷಮೆ ಕೇಳಿದರೆ ಸಾಲದು. ಆ ಮಾತನ್ನು ಕೇಳಿಸಿಕೊಂಡವರ ಎದುರೇ, ನೀರಿನ ಚೀಲ ಹಿಡಿದು, ‘ಅಪ್ಪಯ್ಯಾ, ಎಲ್ಲಿ ಇಡಲಿ?’ ಎಂದು ಕೇಳಿ. ಚಿಕ್ಕಪ್ಪನ ಮಗನನ್ನೂ ಜೊತೆಗೆ ಕರೆಯಿರಿ, ದೋಣಿ ಅವನದೂ ಹೌದು. ಬಳೆಯ ತೂತಿಗೆ ಅಪ್ಪಯ್ಯ ಒಪ್ಪದಿದ್ದರೆ ಒತ್ತಾಯಿಸಬೇಡಿ, ಆದರೆ ಅಂಟಿಸಲೂ ಬೇಡಿ. ಒಪ್ಪುವ ತನಕ, ಈಗಾಗಲೇ ಇರುವ ಗಟ್ಟಿ ಅಡ್ಡಹಲಗೆಗೆ ಹಗ್ಗದ ಕುಣಿಕೆ ಸುತ್ತಿ ಎಳೆಸಿಕೊಳ್ಳಬಹುದು. ಅದು ಮೊದಲಿನಿಂದ ಬಂದ ಕ್ರಮವೇ.

ಎಲ್ಲ ಕೂರಿಸಿದ ಮೇಲೆ ಮೊದಲ ತಿಂಗಳು ಪ್ರತಿ ಸಲ ದಡಕ್ಕೆ ಬಂದಾಗ ಅಂಟಿನ ಅಂಚಿನ ಸುತ್ತ ಉಗುರು ಆಡಿಸಿ ನೋಡಿ. ಉಗುರು ಸಂದಿಗೆ ಹೋದರೆ, ಬಿಳಿಯ ಗೆರೆ ಕಂಡರೆ, ಮೇಲಿಂದ ಇನ್ನಷ್ಟು ಅಂಟು ಮೆತ್ತಬೇಡಿ. ಪೂರ್ತಿ ಕಿತ್ತು, ಉಜ್ಜಿ, ಮೊದಲಿನಿಂದ ಅಂಟಿಸಿ. ನಿಮ್ಮ ಸೆನ್ಸರಿನ ಕಿಲೋಹರ್ಟ್ಸ್ ಎಷ್ಟೆಂದು ಕೈಪಿಡಿಯಲ್ಲಿ ನೋಡಿ ಬರೆದರೆ, ಅದು ಒಳಗಿನಿಂದ ನಡೆಯುವ ನಮೂನೆಯೋ ಅಲ್ಲವೋ ಎಂದು ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.